ಬಾರ್ಶಿ ಲೈಟ್ ರೈಲು ಕಟ್ಟಿದ ಕ್ಯಾಲ್ಥ್ರಪ್ ಸಾಹೇಬರು

ನಮ್ಮ ಉಮರಗಾ, ನಿಲಂಗಾ, ಉದಗೀರ ಕಡೆಯ ಹಿರಿಯರಲ್ಲಿ ಲಾತೂರಿನ ಸಣ್ಣ ಗಾಡಿಯನ್ನು ಹತ್ತಿ ಪಂಢರಪುರಕ್ಕೆ ಹೋಗಿ ಬಂದವರು ಇನ್ನೂ ಇದ್ದಾರೆ. ಆ ಗಾಡಿಗೆ ಬಾರ್ಶಿ ಲೈಟ್ ಎಂದು ಹೆಸರು. ಅದರ ಹಳಿಗಳ ನಡುವಿನ ಅಂತರ ಬರೀ ಎರಡೂವರೆ ಅಡಿ. ನಮ್ಮ ಶಾಲೆಯ ಸಣ್ಣ ಹುಡುಗನೊಬ್ಬ ಒಂದು ಹಳಿಯ ಮೇಲೆ ನಿಂತು ಹೆಜ್ಜೆ ಚಾಚಿದರೆ ಇನ್ನೊಂದು ಹಳಿಯನ್ನು ಮುಟ್ಟಬಹುದಾಗಿತ್ತು. ಗಾಡಿ ನಿಧಾನ, ಡಬ್ಬಿಗಳು ಚಿಕ್ಕವು, ಜನರ ನೂಕುನುಗ್ಗಲು ಮಾತ್ರ ದೊಡ್ಡದು. ಅದನ್ನು ಕುರಿತು ನಗೆಮಾತುಗಳನ್ನು ಹೇಳದ ಊರೇ ಇಲ್ಲ. ಆದರೆ ಆ ಗಾಡಿ ಹುಟ್ಟುವ ಮೊದಲೇ ಅದನ್ನು ಕಂಡು ನಕ್ಕವರು ಇನ್ನೂ ದೊಡ್ಡ ಜನ. ಇಷ್ಟು ಸಣ್ಣ ಹಳಿಯ ಮೇಲೆ ಭಾರದ ಸರಕು ಹೋಗುವುದೆಂದು ಬಲ್ಲ ಇಂಜಿನಿಯರರೇ ನಂಬಲಿಲ್ಲ. ನಂಬಿಸಲು ಒಬ್ಬ ಮನುಷ್ಯನಿಗೆ ಎಂಟು ವರ್ಷ ಹಿಡಿಯಿತು. ಎವರಾರ್ಡ್ ರಿಚರ್ಡ್ ಕ್ಯಾಲ್ಥ್ರಪ್ ಎಂಬ ಆ ಮಹನೀಯರ ಹೆಸರು ರೈಲ್ವೆಯ ಇತಿಹಾಸ ಬಲ್ಲವರಿಗೆಲ್ಲ ಪರಿಚಿತ. ಅವರ ಹಳಿಯ ಪಕ್ಕದಲ್ಲೇ ಬಾಳಿದ ನಮ್ಮಲ್ಲಿ ಮಾತ್ರ ಆ ಹೆಸರನ್ನು ಕೇಳಿದವರು ಕಡಿಮೆ. ಆದ್ದರಿಂದ ಈ ವರ್ಷದ ಸಂಚಿಕೆಯಲ್ಲಿ ಅವರ ಬಾಳಿನ ಕಥೆಯನ್ನು ನಮ್ಮ ವಿದ್ಯಾರ್ಥಿಗಳ ಮತ್ತು ಪಾಲಕರ ಮುಂದೆ ಇಡುತ್ತಿದ್ದೇವೆ.

ಕ್ಯಾಲ್ಥ್ರಪ್ ಅವರು ಹುಟ್ಟಿದ್ದು 1857ರ ಮಾರ್ಚ್ 3ರಂದು. ನಮ್ಮ ದೇಶದಲ್ಲಿ ಸಿಪಾಯಿಗಳು ದಂಗೆಯೆದ್ದ ವರ್ಷವದು. ತಂದೆ ಇಂಗ್ಲೆಂಡಿನ ಲಿಂಕನ್‌ಶೈರ್ ಸೀಮೆಯ ಒಕ್ಕಲಿಗರು. ಅವರ ಹಲವು ಗಂಡುಮಕ್ಕಳಲ್ಲಿ ಇವರೇ ಹಿರಿಯರು. ಇವರ ತಮ್ಮಂದಿರಲ್ಲಿ ಒಬ್ಬರಾದ ಗೈ ಕ್ಯಾಲ್ಥ್ರಪ್ ಅವರೂ ಮುಂದೆ ರೈಲ್ವೆಯನ್ನೇ ಹಿಡಿದು, ಇಂಗ್ಲೆಂಡಿನ ಅತಿ ದೊಡ್ಡ ರೈಲ್ವೆ ಕಂಪನಿಗಳಲ್ಲೊಂದರ ಮುಖ್ಯ ವ್ಯವಸ್ಥಾಪಕರಾಗಿ, ಸರ್ ಪದವಿ ಪಡೆದರು. ಹಿರಿಯಣ್ಣನ ಬಾಳು ಅಷ್ಟು ಸುಗಮವಾಗಿರಲಿಲ್ಲ.

ಅಪಿಂಗಮ್ ಶಾಲೆಯಲ್ಲಿ ಓದು ಮುಗಿದ ಮೇಲೆ ಹುಡುಗ ಕಾಲೇಜಿನ ಕಡೆ ಹೋಗದೆ ಕಾರಖಾನೆಯ ಬಾಗಿಲು ತಟ್ಟಿದ. ಉಗಿಬಂಡಿಗೆ ಹೆಸರಾದ ಸ್ಟೀಫನ್‌ಸನ್ ಮನೆತನದ ಕಾರಖಾನೆಯಲ್ಲಿ ಕೆಲಕಾಲ ಇದ್ದು, 1874ರಲ್ಲಿ ಕ್ರೂ ಎಂಬ ಊರಿನ ರೈಲ್ವೆ ಕಾರಖಾನೆಯಲ್ಲಿ ಉಮೇದುವಾರನಾಗಿ ಸೇರಿದ. ಆ ಕಾಲದಲ್ಲಿ ಇಂಜಿನಿಯರ್ ಆಗುವವರು ಸುತ್ತಿಗೆ ಹಿಡಿದು, ಕೈ ಮಸಿ ಮಾಡಿಕೊಂಡು, ಕೆಲಸಗಾರರ ನಡುವೆ ನಿಂತೇ ವಿದ್ಯೆ ಕಲಿಯುತ್ತಿದ್ದರು. ಅಲ್ಲಿಂದ 1879ರಲ್ಲಿ ಇನ್ನೊಂದು ರೈಲ್ವೆಗೆ ಹೋಗಿ, 1882ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ಹಡಗು ಹತ್ತಿ ಮುಂಬಯಿಗೆ ಬಂದರು. ಜಿ.ಐ.ಪಿ. ಎಂದು ನಮ್ಮ ಅಜ್ಜಂದಿರು ಕರೆಯುತ್ತಿದ್ದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯಲ್ಲಿ ಇಂಜಿನುಗಳ ಇನ್‌ಸ್ಪೆಕ್ಟರ್ ಆಗಿ ಕೆಲಸಕ್ಕೆ ನಿಂತರು.

ಆಗ ನಮ್ಮ ಸುತ್ತಲಿನ ಸೀಮೆ ಹೇಗಿತ್ತೆಂಬುದನ್ನು ಸ್ವಲ್ಪ ನೆನೆಯಬೇಕು. ಮುಂಬಯಿಯಿಂದ ಹೊರಟ ದೊಡ್ಡ ರೈಲು 1860ರಲ್ಲೇ ಸೊಲ್ಲಾಪುರವನ್ನು ಮುಟ್ಟಿತ್ತು. 1871ರಲ್ಲಿ ಕಲಬುರ್ಗಿಯನ್ನು ದಾಟಿ ರಾಯಚೂರಿನವರೆಗೂ ಹೋಯಿತು. ಆದರೆ ಅದು ಹಿಡಿದದ್ದು ತನ್ನ ದಾರಿ. ಬಾಲಾಘಾಟದ ಮೇಲಿನ ಊರುಗಳಿಗೂ ಅದಕ್ಕೂ ಸಂಬಂಧವಿರಲಿಲ್ಲ. ನಿಜಾಮ ಸಂಸ್ಥಾನದ ಗಡಿಗೆ ಹತ್ತಿಕೊಂಡಿದ್ದ ಬಾರ್ಶಿ, ಸೊಲ್ಲಾಪುರ ಜಿಲ್ಲೆಯ ದೊಡ್ಡ ಪೇಟೆ. ಮರಾಠವಾಡದ ಹತ್ತಿ, ಎಣ್ಣೆಕಾಳು, ಜೋಳ ಎಲ್ಲವೂ ಚಕ್ಕಡಿಗಳಲ್ಲಿ ಘಟ್ಟವಿಳಿದು ಅಲ್ಲಿಗೆ ಬರುತ್ತಿದ್ದವು. ಬಾರ್ಶಿಗೆ ಹತ್ತಿರದ ರೈಲು ನಿಲ್ದಾಣವೆಂದರೆ ಕುರ್ಡುವಾಡಿ. ಆ ನಿಲ್ದಾಣಕ್ಕೆ ಬಾರ್ಶಿ ರೋಡ್ ಎಂದೇ ಹೆಸರಿಟ್ಟಿದ್ದರು, ಆದರೆ ಅಲ್ಲಿಂದ ಬಾರ್ಶಿ ಸುಮಾರು 21 ಮೈಲು ದೂರ! ರೋಡ್ ಎಂಬ ಬಾಲವುಳ್ಳ ನಿಲ್ದಾಣದಲ್ಲಿ ಇಳಿದವನು ಊರು ಕಾಣಬೇಕಾದರೆ ಇನ್ನೊಂದು ಪ್ರಯಾಣ ಮಾಡಬೇಕೆಂಬುದನ್ನು ಲಾತೂರ ರೋಡಿನಲ್ಲಿ ಇಳಿದವರಿಗೆ ನಾವು ಹೇಳಬೇಕಾಗಿಲ್ಲ.

ಆ 21 ಮೈಲಿನ ದಾರಿಯಲ್ಲಿ ಹತ್ತಿಯ ಅಂಡಿಗೆ ಹೊತ್ತ ಚಕ್ಕಡಿಗಳ ಸಾಲು ಸಾಗುತ್ತಿತ್ತು. ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಗಾಲಿ ಹೂತರೆ ಎತ್ತುಗಳ ಗತಿ ಏನೆಂಬುದು ರೈತರ ಮಕ್ಕಳಾದ ನಿಮಗೆ ಗೊತ್ತೇ ಇದೆ. ಕ್ಯಾಲ್ಥ್ರಪ್ ಅವರ ತಲೆಯಲ್ಲಿ ಅಗ್ಗದ ಹಗುರ ರೈಲಿನ ವಿಚಾರ ಬೇರೂರಿದ್ದು ಈ ಜಿ.ಐ.ಪಿ. ಸೇವೆಯ ಕಾಲದಲ್ಲಿ. ಇಂಥ ಪೇಟೆಗಳಿಗೆ ದೊಡ್ಡ ರೈಲು ಹಾಕಿದರೆ ಹಾಕಿದ ಹಣ ಹುಟ್ಟುವುದಿಲ್ಲ, ಹಾಕದಿದ್ದರೆ ಪೇಟೆ ಬೆಳೆಯುವುದಿಲ್ಲ. ನಡುವಣ ದಾರಿಯೊಂದು ಇರಲೇಬೇಕೆಂದು ಅವರಿಗೆ ತೋರಿತು. 1887ರಲ್ಲಿ ಬಾರ್ಶಿಗೆ ಸಣ್ಣ ರೈಲು ಹಾಕುವ ಯೋಜನೆಯನ್ನು ಅವರು ಮುಂದಿಟ್ಟರು.

ಯೋಜನೆಗೆ ಸಿಕ್ಕ ಸ್ವಾಗತ ತಣ್ಣಗಿತ್ತು. ಸಂದೇಹಪಟ್ಟವರನ್ನು ನಾವು ಮೂರ್ಖರೆಂದು ತಳ್ಳಿಹಾಕುವಂತಿಲ್ಲ, ಅವರ ವಾದದಲ್ಲಿಯೂ ಹುರುಳಿತ್ತು. ಆ ದಿನಗಳಲ್ಲಿ ನಮ್ಮ ದೇಶದಲ್ಲಿ ಎರಡು ಅಳತೆಯ ಹಳಿಗಳು ಮುಖ್ಯವಾಗಿದ್ದವು. ಒಂದು ಐದೂವರೆ ಅಡಿಯ ಅಗಲ ಹಳಿ, ಇನ್ನೊಂದು 1870ರ ಸುಮಾರಿಗೆ ವೆಚ್ಚ ಉಳಿಸಲೆಂದು ಆರಿಸಿದ ಮೀಟರ್ ಹಳಿ. ಈ ಎರಡು ಅಳತೆಗಳು ಕೂಡುವ ನಿಲ್ದಾಣಗಳಲ್ಲೆಲ್ಲ ಒಂದು ಗಾಡಿಯ ಸರಕನ್ನು ಇಳಿಸಿ ಇನ್ನೊಂದು ಗಾಡಿಗೆ ಹೇರಬೇಕು. ಹಮಾಲಿ ಕೊಡಬೇಕು, ಹೊತ್ತು ಹೋಗುತ್ತದೆ, ಚೀಲ ಹರಿಯುತ್ತವೆ, ಮಾಲು ಕಳವಾಗುತ್ತದೆ. ಇರುವ ತೊಂದರೆಯೇ ಸಾಕಾಗಿರುವಾಗ ಮೂರನೆಯ ಅಳತೆ ಏಕೆ ಎಂಬುದು ಅವರ ಪ್ರಶ್ನೆ. ಎರಡನೆಯ ಸಂದೇಹ ಇನ್ನೂ ನೇರವಾದದ್ದು. ಎರಡೂವರೆ ಅಡಿಯ ಹಳಿ ಎಂದರೆ ಗಣಿಗಳಲ್ಲಿ, ತೋಟಗಳಲ್ಲಿ ದಬ್ಬುವ ಟ್ರಾಲಿಗಳ ಜಾತಿಯದು. ಅದರ ಮೇಲೆ ಪೇಟೆಯ ಸರಕು, ನೂರಾರು ಜನ, ಲಾಭ ತರುವಷ್ಟು ಭಾರ ಹೋಗಲು ಹೇಗೆ ಸಾಧ್ಯ?

ಪಟ್ಟಣಗಳಲ್ಲಿಯೂ ಆಗ ಇಂಥದೇ ಸ್ಥಿತಿ. ಮುಂಬಯಿಯ ಬೀದಿಗಳಲ್ಲಿ 1874ರಿಂದ ಟ್ರಾಮುಗಳು ಓಡುತ್ತಿದ್ದವು, ಆದರೆ ಅವನ್ನು ಎಳೆಯುತ್ತಿದ್ದವು ಕುದುರೆಗಳು. ವಿದ್ಯುತ್ತಿನಿಂದ ಓಡುವ ಟ್ರಾಮು ನಮ್ಮ ದೇಶದಲ್ಲಿ ಮೊದಲು ಕಂಡದ್ದು 1895ರಲ್ಲಿ, ಮದರಾಸಿನಲ್ಲಿ. ಮುಂಬಯಿಗೆ ಅದು ಬಂದದ್ದು 1907ರಲ್ಲಿ. ಕಣ್ಣಾರೆ ಕಾಣದ ಬಂಡಿಯನ್ನು ಜನ ನಂಬುವುದು ಎಲ್ಲಿಯೂ ಕಷ್ಟ.

ಕ್ಯಾಲ್ಥ್ರಪ್ ಅವರ ಉತ್ತರ ಒಕ್ಕಲಿಗನ ಮಗನಿಗೆ ತಕ್ಕಂತೆ ಸರಳವಾಗಿತ್ತು. ಎರೆಹೊಲದಲ್ಲಿ ಇಪ್ಪತ್ತು ಚೀಲಗಳನ್ನು ಒಂದೇ ಚಕ್ಕಡಿಯಲ್ಲಿ ಹೇರಿದರೆ ಗಾಲಿ ಹೂಳುತ್ತದೆ. ಅದೇ ಇಪ್ಪತ್ತು ಚೀಲಗಳನ್ನು ನಾಲ್ಕು ಚಕ್ಕಡಿಗಳಲ್ಲಿ ಹಂಚಿದರೆ ಯಾವುದೂ ಹೂಳುವುದಿಲ್ಲ. ಹೊಲ ಹೊರುವ ಒಟ್ಟು ಭಾರ ಅಷ್ಟೇ, ಆದರೆ ಒಂದೊಂದು ಗಾಲಿಯ ಕೆಳಗೆ ಬೀಳುವ ಭಾರ ಕಡಿಮೆ. ರೈಲಿಗೂ ಇದೇ ನಿಯಮ. ಇಂಜಿನಿರಲಿ, ಡಬ್ಬಿಯಿರಲಿ, ಯಾವ ಅಚ್ಚಿನ ಮೇಲೂ ಐದು ಟನ್ನಿಗಿಂತ ಹೆಚ್ಚು ಭಾರ ಬೀಳಬಾರದೆಂದು ಅವರು ಗೆರೆ ಎಳೆದರು. ಅಷ್ಟಾದರೆ ಒಂದು ಗಜಕ್ಕೆ 30 ಪೌಂಡು ತೂಗುವ ಹಳಿ ಸಾಕು. ಅಂದರೆ ಮೀಟರಿಗೆ ಸುಮಾರು 15 ಕಿಲೋ. ಈಗಿನ ನಮ್ಮ ದೊಡ್ಡ ರೈಲಿನ ಹಳಿ ಮೀಟರಿಗೆ 60 ಕಿಲೋ ಇರುತ್ತದೆಂಬುದನ್ನು ಹೋಲಿಸಿ ನೋಡಿ. ಹಳಿ ಹಗುರವಾದರೆ ಸೇತುವೆ ಹಗುರ, ದಿಂಡು ಹಗುರ, ವೆಚ್ಚವೂ ಹಗುರ. ಇಂಜಿನಿಗೆ ಎಳೆಯುವ ಬಲ ಬೇಕಲ್ಲ ಎಂದರೆ ಅದಕ್ಕೂ ದಾರಿಯಿತ್ತು. ಎಳೆಯುವ ಗಾಲಿಗಳು ಎಂಟು, ಹಿಂದೆ ಭಾರ ಹೊರಲು ಇನ್ನೂ ನಾಲ್ಕು, ಹೀಗೆ ಆರು ಅಚ್ಚುಗಳ ಮೇಲೆ ಇಂಜಿನಿನ ಭಾರವನ್ನು ಅವರು ಹರಡಿದರು. ಡಬ್ಬಿಗಳ ಚೌಕಟ್ಟನ್ನು ಉಕ್ಕಿನ ತಗಡನ್ನು ಒತ್ತಿ ಮಾಡಿಸಿದರು. ಅವು ತಾವು ಹಗುರವಿದ್ದು ಹೆಚ್ಚು ಮಾಲು ಹೊರುತ್ತಿದ್ದವು. ನಮ್ಮ ಎಂಟನೆಯ ಇಯತ್ತೆಯ ವಿದ್ಯಾರ್ಥಿಗಳು ಒತ್ತಡದ ಪಾಠ ಓದುವಾಗ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಮಾತಿನಲ್ಲಿ ಗೆದ್ದರೂ ಕಾಗದದ ಮೇಲೆ ಅಪ್ಪಣೆ ಸಿಗಲಿಲ್ಲ. 1889ರಲ್ಲಿ ಅವರು ಜಿ.ಐ.ಪಿ. ಕೆಲಸ ಬಿಟ್ಟರು. ಮರುವರ್ಷ ಮದುವೆಯಾದರು. ಮುಂದೆ ಇಂಗ್ಲೆಂಡಿಗೆ ಮರಳಿ ಸಲಹೆಗಾರ ಇಂಜಿನಿಯರರಾಗಿ ಜೀವನ ಸಾಗಿಸಿದರು. ಬಾರ್ಶಿಯ ವಿಚಾರವನ್ನು ಮಾತ್ರ ಕೈಬಿಡಲಿಲ್ಲ. ಪತ್ರ, ನಕಾಶೆ, ಅಂದಾಜುಪಟ್ಟಿ ಇವುಗಳ ನಡುವೆ ವರ್ಷಗಳು ಉರುಳಿದವು. ಕೊನೆಗೆ 1895ರಲ್ಲಿ ಒಪ್ಪಿಗೆ ಸಿಕ್ಕು, ಲಂಡನ್ನಿನಲ್ಲಿ ಬಾರ್ಶಿ ಲೈಟ್ ರೈಲ್ವೆ ಕಂಪನಿ ಸ್ಥಾಪನೆಯಾಯಿತು.

ಇಲ್ಲಿ ಅವರು ಮಾಡಿದ ಒಂದು ಕೆಲಸ ನಮಗೆ ಬಹಳ ಮೆಚ್ಚಿಗೆಯಾಗುತ್ತದೆ. ಇಂಜಿನು ಡಬ್ಬಿಗಳನ್ನು ಹಡಗಿಗೆ ಏರಿಸುವ ಮೊದಲು, ಅವು ತಯಾರಾದ ಲೀಡ್ಸ್ ನಗರದ ಹತ್ತಿರವೇ ಪರೀಕ್ಷೆಯ ಹಳಿ ಹಾಕಿಸಿದರು. ತಿರುವು, ಏರು ಎಲ್ಲವನ್ನೂ ಬೇಕೆಂದೇ ಇಟ್ಟು, ಭಾರ ಹೇರಿ ಓಡಿಸಿ, ಬಲ್ಲವರನ್ನು ಕರೆದು ತೋರಿಸಿದರು. ವಾದ ಮಾಡುವವರೊಡನೆ ಇನ್ನೂ ವಾದ ಮಾಡುತ್ತ ಕೂಡುವುದಕ್ಕಿಂತ ಗಾಡಿಯನ್ನೇ ಅವರ ಮುಂದೆ ಓಡಿಸುವುದು ಲೇಸೆಂದು ತಿಳಿದಿರಬೇಕು.

1897ರಲ್ಲಿ ಬಾರ್ಶಿ ರೋಡಿನಿಂದ ಬಾರ್ಶಿ ಪೇಟೆಯವರೆಗೆ ಗಾಡಿ ಓಡಿತು. ಆ ವರ್ಷವಾದರೂ ಎಂಥದು! ಸೊಲ್ಲಾಪುರ ಜಿಲ್ಲೆಯ ಮೇಲೆ ಘೋರ ಬರ ಬಿದ್ದಿತ್ತು, ಮುಂಬಯಿ ಕಡೆ ಪ್ಲೇಗು ಹಬ್ಬಿತ್ತು. ಇಂಥ ಹೊತ್ತಿನಲ್ಲಿ ಹೊಸ ಕಂಪನಿಯೊಂದು ನೆಲೆ ಹಿಡಿಯುವುದೇ ದೊಡ್ಡ ಮಾತು. ಆದರೂ ಗಾಡಿ ನಿಂತಿತು, ಅಂದರೆ ಉಳಿಯಿತು. ಮುಂದೆ ಬೆಳೆಯಿತು ಕೂಡ. 1906ರಲ್ಲಿ ಕುರ್ಡುವಾಡಿಯಿಂದ ಪಂಢರಪುರಕ್ಕೆ ಹಳಿ ಮುಟ್ಟಿತು. ಅಲ್ಲಿಯವರೆಗೆ ದೂರದ ಭಕ್ತರು ಕುರ್ಡುವಾಡಿಯಲ್ಲಿ ಇಳಿದು ನಡೆದೋ, ಚಕ್ಕಡಿಯಲ್ಲೋ ವಿಠ್ಠಲನನ್ನು ಕಾಣಬೇಕಾಗಿತ್ತು. ಆಷಾಢ, ಕಾರ್ತಿಕ ಏಕಾದಶಿಗಳಲ್ಲಿ ಈ ಸಣ್ಣ ಗಾಡಿಯ ಮೇಲೆ ಬೀಳುತ್ತಿದ್ದ ಜನಸಾಗರವನ್ನು ಕಂಡವರು, ಎರಡೂವರೆ ಅಡಿಯ ಹಳಿ ಭಾರ ತಡೆಯುವುದೋ ಇಲ್ಲವೋ ಎಂಬ ಪ್ರಶ್ನೆಯನ್ನು ಮತ್ತೆ ಕೇಳುತ್ತಿರಲಿಲ್ಲ. ಮರಾಠಿ ವಾರಕರಿಗಳ ಜೊತೆ ನಮ್ಮ ಕನ್ನಡ ಮನೆಗಳವರೂ ಅದರಲ್ಲಿ ಹೋದವರೇ.

1911 ನಮ್ಮ ಭಾಗಕ್ಕೆ ಮುಖ್ಯವಾದ ವರ್ಷ. ಬಾರ್ಶಿಯಿಂದ ಮೇಲೇರಿದ ಹಳಿ ನಿಜಾಮ ಸಂಸ್ಥಾನದ ಗಡಿ ದಾಟಿ, ಯೆಡಶಿ, ಢೋಕಿ, ಮುರುಡಗಳ ಮೇಲಿಂದ ಲಾತೂರಿಗೆ ಬಂದು ಮುಟ್ಟಿತು. ಆಮೇಲೆ ಲಾತೂರಿನ ಅಡತಿ ಪೇಟೆ ಬೆಳೆದುದನ್ನು ನಾವೆಲ್ಲ ಬಲ್ಲೆವು. ಔಸಾ, ನಿಲಂಗಾ, ಉಮರಗಾ ಕಡೆಯ ರೈತರು ತೊಗರಿ, ಶೇಂಗಾ, ಹತ್ತಿಗಳನ್ನು ಅಲ್ಲಿಗೆ ಒಯ್ಯುವ ರೂಢಿ ಬಲವಾದುದರ ಹಿಂದೆ ಈ ಸಣ್ಣ ಹಳಿಯ ಪಾಲೂ ಇದೆ. ಧಾರಾಶಿವ ಪಟ್ಟಣ ಮಾತ್ರ ಹಳಿಗೆ ಸಿಗದೆ ಯೆಡಶಿಯ ಕಡೆ ನೋಡುತ್ತ ಕೂಡಬೇಕಾಯಿತು. ಮುಂದೆ ಅಗಲ ಹಳಿ ಹಾಕುವಾಗ ದಾರಿ ತಿರುಗಿಸಿ ಆ ಊರನ್ನು ಸೇರಿಸಿಕೊಂಡರು.

ಇಂಗ್ಲೆಂಡಿನಲ್ಲಿಯೂ ಅವರು ಇದೇ ಅಳತೆಯ ರೈಲೊಂದನ್ನು ಕಟ್ಟಿದರು. ಮ್ಯಾನಿಫೋಲ್ಡ್ ಎಂಬ ನದಿಯ ಕಣಿವೆಯಲ್ಲಿ 1904ರಲ್ಲಿ ತೆರೆದ ಎಂಟು ಮೈಲಿನ ದಾರಿಯದು. ದೊಡ್ಡ ಹಳಿಯ ಡಬ್ಬಿಯನ್ನು ಸರಕಿನ ಸಮೇತ ಹೊತ್ತೊಯ್ಯುವ ತಗ್ಗಿನ ಗಾಡಿಗಳನ್ನು ಅಲ್ಲಿ ಬಳಸಿದರು. ಇಳಿಸಿ ಹೇರುವ ತೊಂದರೆಯ ಬಗ್ಗೆ ಹಿಂದೆ ಎದ್ದಿದ್ದ ಆಕ್ಷೇಪಕ್ಕೆ ಅದೇ ಉತ್ತರ. ಆದರೆ ಅಲ್ಲಿ ಜನವಸತಿ ವಿರಳ, ಹಾಲಿನ ಸಾಗಣೆಯೇ ಮುಖ್ಯ ಆದಾಯ. 1934ರಲ್ಲಿ ಆ ರೈಲು ನಿಂತುಹೋಯಿತು. ಒಂದೇ ಕೈ ನೆಟ್ಟ ಎರಡು ಸಸಿಗಳಲ್ಲಿ ಬಾರ್ಶಿಯ ಬಿಸಿಲಿನದು ಚಿಗುರಿತು, ಇಂಗ್ಲೆಂಡಿನ ಹಸಿರಿನದು ಬಾಡಿತು. ಸಂದೇಹ ಪಡುವವರು ಎಲ್ಲ ಸಲವೂ ತಪ್ಪಿರುತ್ತಾರೆಂದು ನಮ್ಮ ವಿದ್ಯಾರ್ಥಿಗಳು ತಿಳಿಯಬಾರದೆಂದು ಇದನ್ನೂ ಹೇಳಿದೆವು.

ಕ್ಯಾಲ್ಥ್ರಪ್ ಅವರ ಬಾಳಿನ ಇನ್ನೊಂದು ಅಧ್ಯಾಯಕ್ಕೂ ರೈಲಿಗೂ ಸಂಬಂಧವಿಲ್ಲ, ಆದರೆ ಕಥೆ ಮಾತ್ರ ಅದೇ. ಅವರ ಸ್ನೇಹಿತರಲ್ಲಿ ಚಾರ್ಲ್ಸ್ ರೋಲ್ಸ್ ಎಂಬವರು ಒಬ್ಬರು. ರೋಲ್ಸ್ ರಾಯ್ಸ್ ಮೋಟಾರಿನ ಹೆಸರಿನಲ್ಲಿರುವ ರೋಲ್ಸ್ ಇವರೇ. 1910ರ ಜುಲೈ 12ರಂದು ಬೋರ್ನ್‌ಮತ್ ಎಂಬಲ್ಲಿ ವಿಮಾನ ಮುರಿದುಬಿದ್ದು ಅವರು ತೀರಿಕೊಂಡರು. ಆಗ ಅವರಿಗೆ 32 ವರ್ಷ. ಆ ಸಾವು ಕ್ಯಾಲ್ಥ್ರಪ್ ಅವರ ಮನಸ್ಸನ್ನು ಕಲಕಿತು. ಮುರಿಯುತ್ತಿರುವ ವಿಮಾನದಿಂದ ಮನುಷ್ಯ ಜೀವಂತ ಇಳಿದುಬರುವ ಉಪಾಯ ಏಕಿರಬಾರದು ಎಂದು ಯೋಚಿಸಿ, ಐವತ್ತು ದಾಟಿದ ವಯಸ್ಸಿನಲ್ಲಿ ಗಾಳಿಕೊಡೆಯ ಕೆಲಸಕ್ಕೆ ಕೈಹಾಕಿದರು. 1913ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ಕಾವಲು ದೇವತೆ ಎಂಬ ಅರ್ಥ ಬರುವ ಗಾರ್ಡಿಯನ್ ಏಂಜೆಲ್ ಎಂಬ ಹೆಸರು ಅದಕ್ಕೆ. ಮಡಿಸಿದ ಕೊಡೆಯ ಪೆಟ್ಟಿಗೆ ವಿಮಾನಕ್ಕೇ ಕಟ್ಟಿರುತ್ತದೆ. ಹಾರಿದವನ ದೇಹದ ಭಾರವೇ ಅದನ್ನು ಎಳೆದು ಬಿಚ್ಚುತ್ತದೆ.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. 1915ರಲ್ಲಿ ಅವರು ತಮ್ಮ ಕೊಡೆಯನ್ನು ಇಂಗ್ಲಿಷ್ ವಿಮಾನದಳಕ್ಕೆ ಒಪ್ಪಿಸಲು ಹೋದರು. ದಳದವರು ಅದನ್ನು ವಿಮಾನ ಚಾಲಕರಿಗೆ ಕೊಡಲು ಒಪ್ಪಲಿಲ್ಲ. ಭಾರವೆಂದರು, ಜಾಗ ಸಾಲದೆಂದರು. ಕೊಡೆಯಿದ್ದರೆ ಚಾಲಕ ಬೇಗನೆ ಹೆದರಿ ವಿಮಾನ ಬಿಟ್ಟು ಹಾರಿಯಾನು ಎಂಬ ಶಂಕೆಯೂ ಕೆಲವು ಅಧಿಕಾರಿಗಳಲ್ಲಿತ್ತು. ಇದನ್ನು ಬರೆಯುವಾಗ ನಮಗೆ ಸಿಟ್ಟೇ ಬರುತ್ತದೆ. ಉರಿಯುವ ವಿಮಾನದಲ್ಲಿ ಬೇರೆ ದಾರಿಯಿಲ್ಲದೆ ಸತ್ತ ಆ ತರುಣರು ನಮ್ಮ ಹತ್ತನೆಯ ಇಯತ್ತೆಯ ಹುಡುಗರಿಗಿಂತ ನಾಲ್ಕೈದು ವರ್ಷ ದೊಡ್ಡವರು ಅಷ್ಟೇ. ತಗ್ಗಿನಿಂದ ಹಾರಿದರೂ ಕೊಡೆ ಬಿಚ್ಚುತ್ತದೆಂದು ತೋರಿಸಲು 1917ರಲ್ಲಿ ಆರ್ಡ್ ಲೀಸ್ ಎಂಬ ಸೇನಾಧಿಕಾರಿ ಲಂಡನ್ನಿನ ಟವರ್ ಸೇತುವೆಯ ಮೇಲಿಂದ ಥೇಮ್ಸ್ ನದಿಗೆ ಹಾರಿದರು. ಎತ್ತರ ಸುಮಾರು 150 ಅಡಿ. ಅವರು ಕ್ಷೇಮವಾಗಿ ನೀರಿಗೆ ಇಳಿದರು. ಲೀಡ್ಸ್‌ನ ಪರೀಕ್ಷೆಯ ಹಳಿಯಂತೆಯೇ ಇದೂ ಕಣ್ಣಿಗೆ ಕಾಣುವ ಉತ್ತರ. ಶತ್ರುವಿನ ನೆಲದಲ್ಲಿ ಗುಪ್ತಚರರನ್ನು ಇಳಿಸಲು ಆ ಕೊಡೆಯನ್ನು ಬಳಸಿಕೊಂಡರು, ತಮ್ಮ ಚಾಲಕರಿಗೆ ಮಾತ್ರ ಕೊಡಲಿಲ್ಲ. 1918ರಲ್ಲಿ ಜರ್ಮನಿಯ ಚಾಲಕರು ಕೊಡೆ ಕಟ್ಟಿಕೊಂಡು ಹಾರತೊಡಗಿದ ಮೇಲೆ ಇಂಗ್ಲಿಷರ ಮನಸ್ಸು ತಿರುಗಿತು, ಆದರೆ ಆ ಹೊತ್ತಿಗೆ ಯುದ್ಧವೇ ಮುಗಿಯಿತು. ಕ್ಯಾಲ್ಥ್ರಪ್ ಅವರಿಗೆ ಇದರಿಂದ ಬಂದ ಲಾಭವೇನೂ ಇಲ್ಲ. ಕೈಯಿಂದ ಹೋದ ಹಣವೇ ಬಹಳ.

ಬಿಡುವಿನಲ್ಲಿ ಅವರು ಅರಬ್ಬಿ ಕುದುರೆಗಳನ್ನು ಸಾಕುತ್ತಿದ್ದರು. ಹೊಡೆದು ಬಡಿದು ಪಳಗಿಸುವುದಕ್ಕಿಂತ ಪ್ರೀತಿಯಿಂದ ಪಳಗಿಸಬೇಕೆಂಬುದು ಅವರ ಮತ. ಆ ವಿಷಯವಾಗಿ 1920ರಲ್ಲಿ ಒಂದು ಪುಸ್ತಕವನ್ನೂ ಬರೆದರು. ಉಗಿಬಂಡಿಯ ಇಂಜಿನಿಯರರಿಗೆ ಕುದುರೆಯ ಮೇಲೆ ಇಷ್ಟು ಮಮತೆಯೇ ಎಂದು ಅಚ್ಚರಿಯಾಗಬಹುದು.

1927ರ ಮಾರ್ಚ್ 30ರಂದು, ಎಪ್ಪತ್ತು ತುಂಬಿದ ಕೆಲವೇ ದಿನಗಳಲ್ಲಿ, ಕ್ಯಾಲ್ಥ್ರಪ್ ಅವರು ತೀರಿಕೊಂಡರು. ಅದೇ ವರ್ಷ ಪಂಢರಪುರದಿಂದ ಮಿರಜಿನವರೆಗಿನ ಹಳಿಯೂ ತೆರೆಯಿತು. 21 ಮೈಲಿನಿಂದ ಹೊರಟ ಬಾರ್ಶಿ ಲೈಟ್ ಹೀಗೆ ಲಾತೂರಿನಿಂದ ಮಿರಜಿನವರೆಗೆ 202 ಮೈಲು ಉದ್ದವಾಯಿತು. ಸ್ವಾತಂತ್ರ್ಯ ಬಂದ ಮೇಲೆ, 1954ರಲ್ಲಿ, ಸರಕಾರ ಅದನ್ನು ಕಂಪನಿಯಿಂದ ಕೊಂಡು ಮಧ್ಯ ರೈಲ್ವೆಗೆ ಸೇರಿಸಿತು. ಈ ಶತಮಾನದ ಮೊದಲ ಹತ್ತು ಹನ್ನೆರಡು ವರ್ಷಗಳಲ್ಲಿ ತುಂಡು ತುಂಡಾಗಿ ಸಣ್ಣ ಹಳಿಯನ್ನು ಕಿತ್ತು ಅಗಲ ಹಳಿ ಹಾಕಿದರು. 2008ರ ಹೊತ್ತಿಗೆ ಲಾತೂರಿನಿಂದ ಕುರ್ಡುವಾಡಿಯವರೆಗೆ ಆ ಕೆಲಸ ಮುಗಿಯಿತು. ಹಿಂದೆ ಮೂರನೆಯ ಅಳತೆ ಬೇಡವೆಂದಿದ್ದವರ ಮಾತು ನೂರಹತ್ತು ವರ್ಷಗಳ ಮೇಲೆ ನಡೆದಂತಾಯಿತು. ಆದರೆ ಮೊದಲು ಸಣ್ಣ ಹಳಿ ಬಂದು ದಾರಿ ಮಾಡಿಕೊಡದಿದ್ದರೆ ಅಗಲ ಹಳಿ ಈ ಕಡೆ ಯಾವಾಗ ಬರುತ್ತಿತ್ತೆಂದು ಹೇಳುವವರು ಯಾರು? ಉಮರಗಾ, ನಿಲಂಗಾ ಪಟ್ಟಣಗಳು ಇಂದಿಗೂ ರೈಲು ಕಂಡಿಲ್ಲ. ಈ ಕಡೆ ರೈಲು ಬೇಕೆಂದು ಯಾರಾದರೂ ಎತ್ತಿದರೆ, ಅಷ್ಟು ಜನ ಎಲ್ಲಿ, ಅಷ್ಟು ಮಾಲು ಎಲ್ಲಿ ಎಂಬ ಪ್ರಶ್ನೆ ನಮ್ಮ ಕಟ್ಟೆಗಳ ಮೇಲೆಯೇ ಏಳುತ್ತದೆ.

2016ರ ಬೇಸಿಗೆ ನಮ್ಮ ವಿದ್ಯಾರ್ಥಿಗಳ ಪಾಲಕರಿಗೆಲ್ಲ ನೆನಪಿರುತ್ತದೆ. ಮಾಂಜರಾ ಜಲಾಶಯ ಬತ್ತಿಹೋಗಿ ಲಾತೂರ ಪಟ್ಟಣದಲ್ಲಿ ಕುಡಿಯುವ ನೀರಿಗೆ ಹಾಹಾಕಾರವೆದ್ದಿತ್ತು. ರೈಲಿನಲ್ಲಿ ನೀರು ತರುತ್ತಾರೆಂಬ ಸುದ್ದಿ ಬಂದಾಗ ಜನ ನಂಬದೆ ನಕ್ಕರು, ಅಷ್ಟು ದೊಡ್ಡ ಊರಿಗೆ ಅದು ಯಾವ ಮೂಲೆಗೆ ಎಂದರು. ಏಪ್ರಿಲ್ 12ರಂದು ಹತ್ತು ಟಾಂಕಿ ಡಬ್ಬಿಗಳಲ್ಲಿ ಸುಮಾರು ಐದು ಲಕ್ಷ ಲೀಟರ್ ನೀರು ಹೊತ್ತ ಮೊದಲ ಗಾಡಿ ಲಾತೂರಿಗೆ ಬಂದು ನಿಂತಿತು. ಮುಂದಿನ ಗಾಡಿಗಳು ಐವತ್ತು ಡಬ್ಬಿಗಳಲ್ಲಿ ಇಪ್ಪತ್ತೈದು ಲಕ್ಷ ಲೀಟರ್ ತಂದವು. ಆ ನೀರು ತುಂಬಿದ್ದು ಮಿರಜಿನಲ್ಲಿ. ಅಲ್ಲಿಂದ ಪಂಢರಪುರ, ಕುರ್ಡುವಾಡಿ, ಬಾರ್ಶಿಗಳ ಮೇಲೆ ಅದು ಬಂದ ದಾರಿ ಕ್ಯಾಲ್ಥ್ರಪ್ ಸಾಹೇಬರ ಸಣ್ಣ ಗಾಡಿಯ ದಾರಿಯೇ.